ಒನೆಸ್ಮಸ್ ಎಂಬ ಹೆಸರಿನ ಕಡತಗಳು

ನಿವೃತ್ತಿಯಾಗಿ ಎರಡು ವರ್ಷವಾಯಿತು. ಈಗಲೂ ಬೆಳಗ್ಗೆ ಐದೂವರೆಗೆ ಎದ್ದು ಸ್ನಾನ ಮುಗಿಸಿ ಬ್ಯಾಗು ಹುಡುಕುತ್ತೇನೆ. ಹೋಗಬೇಕಾದ ಜಾಗ ಯಾವುದೂ ಇಲ್ಲ ಎಂದು ನೆನಪಾದ ಮೇಲೂ ಕೂರುವುದಕ್ಕೆ ಆಗುವುದಿಲ್ಲ. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತೇನೆ. ಮಧ್ಯಾಹ್ನದೊಳಗೆ ಅವನ್ನು ಕಿತ್ತು ಬೇರೆ ಕ್ರಮದಲ್ಲಿ ಜೋಡಿಸುತ್ತೇನೆ. ನನ್ನ ಗಂಡ ಪ್ರಭಾಕರ ಇಲ್ಲಿ ನೈರೋಬಿಯ ಶಾಲೆಗಳಲ್ಲಿ ಬಹುಕಾಲ ಗಣಿತ ಹೇಳಿಕೊಟ್ಟವರು. ಅವರಿಗೆ ಸುಮ್ಮನೆ ಕೂರುವ ಕಲೆ ಗೊತ್ತು. "ಕೂತ್ಕೊಳ್ಳೆ ಮಾರಾಯ್ತಿ, ನೀನು ಓಡಾಡೋದು ನೋಡಿ ನಂಗೆ ಬಿ.ಪಿ. ಏರ್ತಿದೆ" ಎನ್ನುತ್ತಾರೆ.

ಕಳೆದ ತಿಂಗಳು ಇಲ್ಲಿನ ಕನ್ನಡ ಕೂಟದ ಊಟದಲ್ಲಿ ಇಬ್ಬರು ಹುಡುಗಿಯರು ಸಿಕ್ಕಿದರು. ಮೈಸೂರಿನ ಕಡೆಯವರು. ಆಸ್ಪತ್ರೆಯ ದಾಖಲೆ ವಿಭಾಗದ ಕೆಲಸಕ್ಕೆಂದು ಹೊಸದಾಗಿ ಬಂದಿದ್ದಾರೆ. "ಆಂಟಿ, ನಿಮ್ಮ ಎಕ್ಸ್‌ಪೀರಿಯೆನ್ಸ್ ಬರ್ದು ಕೊಡಿ, ನಮಗೆ ಹೆಲ್ಪ್ ಆಗುತ್ತೆ" ಎಂದರು. ಒಪ್ಪಿಕೊಂಡೆ. ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಏನು ಹೊಗಳಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅವು ನಿಮಗೆ ಯಾವ ಕೆಲಸಕ್ಕೂ ಬರುವುದಿಲ್ಲ. ದಾಖಲೆ ವಿಭಾಗವೆಂದರೆ ಕಾಗದ ಕಾಯುವುದು ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಮಂಚದ ಮೇಲೆ ಮಲಗಿರುವ ಮನುಷ್ಯನೂ ಕಡತದೊಳಗಿನ ಮನುಷ್ಯನೂ ಒಬ್ಬನೇ ಎಂದು ಖಾತ್ರಿಪಡಿಸುವುದು ನಮ್ಮ ಕೆಲಸ. ಅದರಲ್ಲಿ ನಾನು ಒಮ್ಮೆ ಕೆಟ್ಟದಾಗಿ ಎಡವಿದೆ. ಅದನ್ನು ಬರೆಯುವುದಕ್ಕೇ ಕೂತಿದ್ದೇನೆ. ಈಗಾಗಲೇ ಎರಡು ಸಲ ಎದ್ದು ಹೋಗಿ ಬಂದದ್ದೂ ಆಯಿತು.

ನಾನು ಸೇರಿದ್ದು ಥೀಕಾ ರಸ್ತೆಯ ಕಡೆಗಿದ್ದ ಒಂದು ಮಿಷನ್ ಆಸ್ಪತ್ರೆಯನ್ನು. ಹೆಸರು ಬೇಡ. ಮೈಸೂರಿನಲ್ಲಿ ನಾನು ಕಲಿತದ್ದು ಇನಿಶಿಯಲ್ಲುಗಳ ಲೆಕ್ಕ: ಅಪ್ಪನ ಹೆಸರಿನ ಮೊದಲ ಅಕ್ಷರ, ಊರಿನ ಹೆಸರಿನ ಮೊದಲ ಅಕ್ಷರ, ಕೊನೆಗೆ ಮನುಷ್ಯನ ಹೆಸರು. ಇಲ್ಲಿ ಮೊದಲು ಚರ್ಚಿನಲ್ಲಿಟ್ಟ ಹೆಸರು, ಆಮೇಲೆ ಹುಟ್ಟಿದಾಗ ಮನೆಯವರು ಇಟ್ಟ ಹೆಸರು, ಆಮೇಲೆ ಅಪ್ಪನದು. ಒಬ್ಬರೇ ಮನುಷ್ಯ ಒಂದು ಭೇಟಿಯಲ್ಲಿ ಮೊದಲಿನದನ್ನೂ ಇನ್ನೊಂದರಲ್ಲಿ ಎರಡನೆಯದನ್ನೂ ಹೇಳುತ್ತಿದ್ದರು. ನನ್ನ ಮೊದಲನೆಯ ವಾರದಲ್ಲಿ ಒಬ್ಬ ಮುದುಕರು ಬಂದು ಹೆಸರು ಹೇಳಿದರು. ಕಿವಿಗೆ ಕೇಳಿಸಿದಂತೆ 'ವನೆಸ್ಮಾಸ್' ಎಂದು ಬರೆದು, ಡಬ್ಲ್ಯೂ ಅಕ್ಷರದ ಕಪಾಟಿನಲ್ಲಿ ಇಟ್ಟುಬಿಟ್ಟೆ. ಮರುವಾರ ಅವರು ಮತ್ತೆ ಬಂದಾಗ ಕಡತ ಸಿಗಲಿಲ್ಲ. ಇಡೀ ಬೆಳಗ್ಗೆ ನಾಲ್ಕು ಜನ ಹುಡುಕಿದೆವು.

ನಮ್ಮ ಮುಖ್ಯಸ್ಥೆ ಮಿಸೆಸ್ ವಂಜಿರು ಎತ್ತರದ ಹೆಂಗಸು. ಮೂಗಿನ ತುದಿಯಲ್ಲಿ ಕನ್ನಡಕ, ಎಂದೂ ಏರದ ದನಿ. ಅವರು ನನ್ನನ್ನು ಬೈಯಲಿಲ್ಲ. ಕಡತದ ಕೋಣೆಗೆ ಕರೆದುಕೊಂಡು ಹೋಗಿ, ಏಣಿಯ ಮೇಲಿದ್ದ ಗುಮಾಸ್ತನನ್ನು ಕೆಳಗಿಳಿಸಿ ಹೇಳಿದರು: "ಇವರು ಒನೆಸ್ಮಸ್ ಕಿಲೊಂಜೊ. ಓ ಅಕ್ಷರದಿಂದ ಶುರುವಾಗುವ ಒನೆಸ್ಮಸ್. ಈ ಹೆಸರನ್ನು ಇವರಿಂದಲೇ ಕಲಿತುಕೋ. ನಮ್ಮಲ್ಲಿ ಈ ಹೆಸರಿನವರದೇ ಒಂದು ಕಪಾಟು ತುಂಬಾ ಕಡತಗಳಿವೆ."

ಕಿಲೊಂಜೊ ಆಗ ನಲವತ್ತರ ಆಸುಪಾಸಿನವರು. ಮಚಾಕೋಸ್ ಕಡೆಯ ಕಾಂಬಾ ಬುಡಕಟ್ಟಿನವರು. ಇಸ್ತ್ರಿ ಮಾಡಿದ ನೀಲಿ ಕೋಟು, ಜೇಬಿನಲ್ಲಿ ಮೂರು ಪೆನ್ನು. ಅವರಿಗೆ ತಮ್ಮ ಹೆಸರಿನ ಬಗ್ಗೆ ಒಂದು ಬಗೆಯ ಹುಚ್ಚಿತ್ತು. ಚಹಾದ ಹೊತ್ತಿನಲ್ಲಿ ಹತ್ತು ಹತ್ತು ನಿಮಿಷವಾಗಿ ಅದನ್ನೆಲ್ಲ ನನಗೆ ಹೇಳಿದರು. ಒನೆಸ್ಮಸ್ ಎಂಬುದು ಹಳೆಯ ಗ್ರೀಕ್ ಹೆಸರು, ಒನೇಸಿಮೋಸ್ ಎಂಬುದರಿಂದ ಬಂದದ್ದು. ಉಪಯೋಗಕ್ಕೆ ಬರುವವನು ಎಂದು ಅರ್ಥ. ಆ ಕಾಲದಲ್ಲಿ ಗುಲಾಮರಿಗೆ ಇಡುತ್ತಿದ್ದ ಹೆಸರಂತೆ. ಕ್ರೈಸ್ತರ ಧರ್ಮಗ್ರಂಥದಲ್ಲಿ ಒಂದೇ ಪುಟದ ಒಂದು ಓಲೆ ಇದೆ. ಯಜಮಾನನ ಮನೆಯಿಂದ ತಪ್ಪಿಸಿಕೊಂಡು ಬಂದ ಒನೇಸಿಮನೆಂಬ ಗುಲಾಮನನ್ನು ಅದೇ ಯಜಮಾನನ ಬಳಿಗೆ ವಾಪಸು ಕಳಿಸುತ್ತಾ, ಇವನನ್ನು ಗುಲಾಮನಂತಲ್ಲ, ತಮ್ಮನಂತೆ ನೋಡಿಕೋ ಎಂದು ಸಂತನೊಬ್ಬ ಕೇಳಿಕೊಂಡ ಓಲೆ. ಮುಂದೆ ಅದೇ ಹೆಸರಿನವನೊಬ್ಬ ಎಫೆಸಸ್ ಪಟ್ಟಣದ ಬಿಷಪ್ ಆದ. ಇಬ್ಬರೂ ಒಬ್ಬನೇ ಎಂದು ಕೆಲವರು ಹೇಳುತ್ತಾರೆ, ಅಲ್ಲ ಎಂದು ಕೆಲವರು.

"ನೋಡಿ ಮಾಮಾ, ಎರಡು ಸಾವಿರ ವರ್ಷದಿಂದ ಈ ಇಬ್ಬರ ಕಡತ ಬೇರೆ ಮಾಡೋಕೆ ಯಾರಿಗೂ ಆಗಿಲ್ಲ" ಎಂದು ಕಿಲೊಂಜೊ ನಗುತ್ತಿದ್ದರು. ಮಾಮಾ ಎಂದರೆ ಇಲ್ಲಿ ಅಮ್ಮ, ಹೆಂಗಸರನ್ನು ಗೌರವದಿಂದ ಕರೆಯುವ ಮಾತು.

ಓಲೆಯ ಒನೇಸಿಮನಿಗಿಂತ ಐನೂರು ವರ್ಷ ಹಿಂದೆ ಅಥೆನ್ಸಿನಲ್ಲಿ ಇನ್ನೊಬ್ಬ ಒನೇಸಿಮೋಸ್ ಇದ್ದ. ಕುಡಿಯುವ ಬಟ್ಟಲುಗಳ ಮೇಲೆ ಕುದುರೆಗಳನ್ನೂ ಗರಡಿಯ ಹುಡುಗರನ್ನೂ ಚಿತ್ರಿಸುತ್ತಿದ್ದವನು. ಆದರೆ ಕಿಲೊಂಜೊಗೆ ಎಲ್ಲರಿಗಿಂತ ಹತ್ತಿರದವನು ಸುಮಾರು ಮುನ್ನೂರು ವರ್ಷದ ಹಿಂದೆ ಅಮೆರಿಕದ ಬಾಸ್ಟನ್ನಿನಲ್ಲಿದ್ದ ಗುಲಾಮ. ಅವನ ವಿಷಯ ಅವರಿಗೆ ಸಿಕ್ಕಿದ್ದು ಆಸ್ಪತ್ರೆಯ ಲೈಬ್ರರಿಯಲ್ಲಿ, ಸಿಡುಬಿನ ಬಗ್ಗೆ ಯಾರೋ ಬಿಟ್ಟುಹೋದ ಹಳೆಯ ಹಾಳೆಗಳಲ್ಲಿ. ಆಫ್ರಿಕದಿಂದ ಹಿಡಿದು ತಂದ ಆ ಮನುಷ್ಯನನ್ನು ಚರ್ಚಿನವರು ತಮ್ಮ ಪಾದ್ರಿಗೆ ಕೊಡುಗೆಯಾಗಿ ಕೊಟ್ಟರು. ಪಾದ್ರಿ ಅವನಿಗೆ ಒನೆಸಿಮಸ್ ಎಂದು ಹೆಸರಿಟ್ಟ. ನಿನಗೆ ಸಿಡುಬು ಬಂದಿತ್ತೇ ಎಂದು ಕೇಳಿದಾಗ, ಬಂದಿತ್ತು ಮತ್ತು ಬಂದಿರಲಿಲ್ಲ ಎಂಬಂಥ ಉತ್ತರ ಕೊಟ್ಟು, ತೋಳಿನ ಗಾಯದ ಗುರುತು ತೋರಿಸಿದನಂತೆ. ಸಿಡುಬಿನ ಗುಳ್ಳೆಯ ರಸವನ್ನು ಚರ್ಮ ಗೀರಿ ಹಚ್ಚುವ ಪದ್ಧತಿ ತನ್ನ ಊರಿನಲ್ಲಿದೆ, ಹಾಗೆ ಮಾಡಿದರೆ ದೊಡ್ಡ ಸಿಡುಬು ತಟ್ಟುವುದಿಲ್ಲ ಎಂದು ವಿವರಿಸಿದ. ಮುಂದೆ ಬಾಸ್ಟನ್ನಿನಲ್ಲಿ ಸಿಡುಬು ಹಬ್ಬಿದಾಗ ಅದನ್ನೇ ಮಾಡಿ ಎಷ್ಟೋ ಜನ ಬದುಕಿದರು.

"ಇಷ್ಟೆಲ್ಲ ಬರೆದಿಟ್ಟಿದ್ದಾರೆ," ಕಿಲೊಂಜೊ ಚಹಾದ ಲೋಟ ಕೆಳಗಿಟ್ಟು ಹೇಳಿದ್ದರು, "ಅವನ ತಾಯಿ ಅವನನ್ನ ಏನಂತ ಕರೀತಿದ್ದಳು ಅನ್ನೋದು ಮಾತ್ರ ಎಲ್ಲೂ ಇಲ್ಲ. ಎಂಥಾ ರೆಕಾರ್ಡ್ಸ್ ಡಿಪಾರ್ಟ್‌ಮೆಂಟ್ ಅದು?"

ನಾನು ಕೆಲಸಕ್ಕೆ ಸೇರಿ ಎಂಟನೆಯ ವರ್ಷ ಅದು ನಡೆಯಿತು. ಅಷ್ಟರಲ್ಲಿ ನನಗೆ ಸ್ವಾಹಿಲಿ ಬರುತ್ತಿತ್ತು, ಕಡತಗಳ ಅಮ್ಮ ಎಂಬರ್ಥದಲ್ಲಿ ಮಾಮಾ ಫೈಲಿ ಎಂದು ಅಡ್ಡಹೆಸರು ಬಿದ್ದಿತ್ತು, ಕಪಾಟುಗಳು ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಎಲ್ಲ ಗೊತ್ತು ಎನ್ನುವ ವರ್ಷ ಅದು. ಹುಡುಗಿಯರೇ, ಆ ವರ್ಷದ ಬಗ್ಗೆ ಎಚ್ಚರವಾಗಿರಿ.

ಆ ಬೆಳಗ್ಗೆ ಥೀಕಾ ರಸ್ತೆಯಲ್ಲಿ ಎರಡು ಮಟಾಟು, ಅಂದರೆ ಜನ ತುಂಬಿ ಓಡುವ ಬಾಡಿಗೆ ವ್ಯಾನುಗಳು, ಡಿಕ್ಕಿ ಹೊಡೆದಿದ್ದವು. ಗಾಯಾಳುಗಳು ಸಾಲಾಗಿ ಬರುತ್ತಿದ್ದರು. ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಪುರುಷರ ವಾರ್ಡಿನಿಂದ ಕರೆ ಬಂತು: "ಒನೆಸ್ಮಸ್ ಮುಟುವಾ ಮುಸ್ಯೋಕ. ಫೈಲು ಬೇಗ." ನಾನು ಹೆಸರನ್ನು ಗಟ್ಟಿಯಾಗಿ ಹೇಳಿದೆ. ಏಣಿಯ ಮೇಲಿಂದ ಕಿಲೊಂಜೊ ಕೂಗಿದರು: "ಆ ಹೆಸರಿನವರು ಇಬ್ಬರಿದ್ದಾರೆ ಮಾಮಾ. ನಂಬರ್ ಕೇಳಿ, ನಂಬರ್!"

"ಸವಾ, ಸವಾ" ಎಂದೆ, ಸರಿ ಸರಿ ಎಂಬರ್ಥದಲ್ಲಿ. ಅಷ್ಟರಲ್ಲಿ ಆ ಕಡೆ ಫೋನಿಟ್ಟಾಗಿತ್ತು. ಕಿಲೊಂಜೊ ಬೇರೆ ಯಾವುದೋ ಕಡತ ಹಿಡಿದು ಗಾಯಾಳುಗಳ ಕೋಣೆಗೆ ಓಡಿದರು. ನಾನು ಕಪಾಟಿನಲ್ಲಿ ಮೊದಲು ಸಿಕ್ಕಿದ ಮುಟುವಾನ ಕಡತ ಎಳೆದೆ. ಕಡತ ಹೊರಗೆ ಹೋಗುವಾಗ ಕೊಟ್ಟವರು ಒಂದು ಚೀಟಿಯ ಮೇಲೆ ತಮ್ಮ ಇನಿಶಿಯಲ್ಲು ಹಾಕಬೇಕು. ನನ್ನದು ವಿ.ಪಿ. ಅವಸರದಲ್ಲಿ ನಾನು ಬರೆದದ್ದು 'ಓಕೆ' ಎಂಬ ಎರಡು ಅಕ್ಷರ. ಆಯಿತು, ಕಳಿಸಿದ್ದೇನೆ ಎಂಬ ಅರ್ಥದಲ್ಲಿ. ಏಕೆ ಹಾಗೆ ಬರೆದೆ ಎಂದು ಇವತ್ತಿಗೂ ತಿಳಿಯದು. ಅದಕ್ಕೆ ಮುಂಚೆ ಎಂದೂ ಬರೆದಿರಲಿಲ್ಲ.

ನಾನು ಕಳಿಸಿದ ಕಡತ ಮುಥೈಗಾದ ಬಂಗಲೆಯೊಂದರ ಕಾವಲುಗಾರನದು. ವಾರ್ಡಿನಲ್ಲಿ ಮಲಗಿದ್ದವರು ಬೇರೆ. ಅವರು ಕಸರಾನಿಯ ಶಾಲೆಯೊಂದರ ವ್ಯಾಯಾಮದ ಮೇಷ್ಟ್ರು, ಮೂವತ್ನಾಲ್ಕು ವರ್ಷದವರು, ದೂರದ ಓಟದ ಓಟಗಾರರು. ನ್ಯುಮೋನಿಯಾ ಬಂದು ಜ್ವರದ ತಾಪಕ್ಕೆ ಪ್ರಜ್ಞೆ ತಪ್ಪಿ ತಪ್ಪಿ ಬರುತ್ತಿತ್ತು. ಅವರ ಹೆಂಡತಿ ಇನ್ನೂ ದಾರಿಯಲ್ಲಿದ್ದರು. ಅವರ ನಿಜವಾದ ಕಡತದ ಮೇಲೆ ಕೆಂಪು ಅಕ್ಷರದಲ್ಲಿ, ಈ ಮನುಷ್ಯನಿಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂದು ಬರೆದಿತ್ತು. ಆ ಕಡತ ಕಪಾಟಿನಲ್ಲೇ ಉಳಿದಿತ್ತು. ಡಾಕ್ಟರು ಕಾವಲುಗಾರನ ಕಡತ ತೆರೆದು ನೋಡಿ, ಏನೂ ಅಡ್ಡಿಯಿಲ್ಲ ಎಂದು ಪೆನಿಸಿಲಿನ್ ಚುಚ್ಚಿಸಿದರು.

ನಿಮಿಷಗಳಲ್ಲಿ ಮುಖ ಊದಿತು, ಉಸಿರು ಕಟ್ಟಿತು, ಹೃದಯ ನಿಂತಿತು. ಎದೆ ಒತ್ತಿ, ಮದ್ದು ಕೊಟ್ಟು, ಹೇಗೋ ಹಿಂದಕ್ಕೆ ತಂದರು. ಸುದ್ದಿ ನಮ್ಮ ಕೋಣೆಗೆ ಬಂದಾಗ ನಾನು ಕಪಾಟಿನ ಮುಂದೆ ಹೋಗಿ ನಿಂತೆ. ಕೆಂಪು ಅಕ್ಷರದ ಕಡತ ಅಲ್ಲಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ನಾಲ್ಕನೆಯ ದಿನ ವಿಚಾರಣೆ ನಡೆಯಿತು. ಮೇಜಿನ ಆಚೆ ಆಸ್ಪತ್ರೆಯ ಆಡಳಿತಾಧಿಕಾರಿ, ಪಕ್ಕದಲ್ಲಿ ಮಿಸೆಸ್ ವಂಜಿರು. ದಾಖಲೆ ವಿಭಾಗದ ನಾವೆಲ್ಲ ಗೋಡೆಗೆ ಒರಗಿ ನಿಂತಿದ್ದೆವು. ಅಧಿಕಾರಿ ಆ ಚೀಟಿಯನ್ನು ಎತ್ತಿ ಹಿಡಿದರು. "ಓ, ಕೆ. ಒನೆಸ್ಮಸ್ ಕಿಲೊಂಜೊ. ಇದು ನಿನ್ನ ಇನಿಶಿಯಲ್ಸ್ ತಾನೆ?"

ಅಲ್ಲಿಯವರೆಗೆ ಅದು ನನಗೆ ಹೊಳೆದಿರಲಿಲ್ಲ. ನಿಜವಾಗಿ ಹೊಳೆದಿರಲಿಲ್ಲ.

ಕಿಲೊಂಜೊ ಚೀಟಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಎಂಟು ವರ್ಷ ಒಂದೇ ಮೇಜಿನಲ್ಲಿ ಕೂತವರು ನಾವು. ನನ್ನ ಕೈಬರಹ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು.

"ಅಕ್ಷರ ನನ್ನ ಹೆಸರಿನದು ಸಾರ್. ಬರೆದದ್ದು ನಾನಲ್ಲ."

"ಹಾಗಾದ್ರೆ ಯಾರು?"

"ಬರೆದವರು ಹೇಳ್ತಾರೆ."

ಬಾಯಿ ತೆರೆದಿದ್ದರೆ ಒಂದು ವಾಕ್ಯ ಸಾಕಿತ್ತು. ನಾನು ತೆರೆಯಲಿಲ್ಲ. ಅಧಿಕಾರಿ ಕಾಗದಗಳನ್ನು ಜೋಡಿಸಿಕೊಂಡರು. ಸಂಜೆಯ ಹೊತ್ತಿಗೆ ಕಿಲೊಂಜೊರನ್ನು ಕೆಲಸದಿಂದ ತೆಗೆದ ಆದೇಶ ಬಂತು. ಅವರು ಕೋಟಿನ ಜೇಬಿನ ಮೂರೂ ಪೆನ್ನುಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಮನೆಯಲ್ಲಿ ಪ್ರಭಾಕರರಿಗೆ ಎಲ್ಲ ಹೇಳಿದೆ. ಅವರ ಶಾಲೆಯ ಕರಾರು ಆ ವರ್ಷ ಮುಗಿದಿತ್ತು. ಮಗಳೂ ಸೇರಿ ನಾವು ಮೂವರೂ ಈ ದೇಶದಲ್ಲಿ ಇದ್ದದ್ದು ನನ್ನ ಕೆಲಸದ ಪರ್ಮಿಟ್ಟಿನ ಮೇಲೆ. ಅದೂ ನವೀಕರಣಕ್ಕೆ ಹೋಗಿತ್ತು.

"ಪರ್ಮಿಟ್ ಬರೋವರ್ಗೂ ಸುಮ್ನಿರು ವಿಮಲಾ," ಎಂದರು ಅವರು, ನೆಲ ನೋಡುತ್ತಾ. "ಮಗಳ ಸ್ಕೂಲು ಮಧ್ಯದಲ್ಲಿದೆ. ಆಮೇಲೆ ಹೇಳಿದ್ರೂ ಸತ್ಯ ಸತ್ಯಾನೇ ಅಲ್ವಾ?"

ಅವರ ಮೇಲೆ ಹೊರೆ ಹಾಕುವುದಿಲ್ಲ. ಅವರು ಹೇಳದಿದ್ದರೂ ನಾನು ಸುಮ್ಮನಿರುತ್ತಿದ್ದೆ ಎಂದು ಕಾಣುತ್ತದೆ. ಒಬ್ಬರು ಹೇಳಿದ್ದು ಆಸರೆಯಾಯಿತು, ಅಷ್ಟೆ. ಆ ದಿನಗಳಲ್ಲಿ ನಾನು ಒಂದು ಕಡೆ ನಿಲ್ಲಲಿಲ್ಲ. ಊಟದ ತಟ್ಟೆ ಹಿಡಿದು ಓಡಾಡಿಕೊಂಡೇ ತಿನ್ನುತ್ತಿದ್ದೆ. ಒಂದೇ ಕಪಾಟನ್ನು ದಿನಕ್ಕೆ ಮೂರು ಸಲ ಸರಿಮಾಡುತ್ತಿದ್ದೆ. ಮಗಳು "ಅಮ್ಮಾ, ವೈ ಆರ್ ಯು ಶೇಕಿಂಗ್ ದ ಟೇಬಲ್?" ಎಂದು ಕೇಳಿದಾಗಲೇ ನನ್ನ ಕಾಲು ಅಲುಗುತ್ತಿರುವುದು ನನಗೆ ತಿಳಿದದ್ದು.

ವಿಚಾರಣೆಯಾದ ಹದಿನೆಂಟನೆಯ ದಿನ ಪರ್ಮಿಟ್ ಬಂತು. ಹತ್ತೊಂಬತ್ತನೆಯ ದಿನ ಬೆಳಗ್ಗೆ ಮಿಸೆಸ್ ವಂಜಿರು ಕೋಣೆಗೆ ಹೋಗಿ ನಿಂತುಕೊಂಡೇ ಹೇಳಿದೆ: ಚೀಟಿ ಬರೆದವಳು ನಾನು.

ಅವರು ಕನ್ನಡಕ ತೆಗೆದರು. "ಪರ್ಮಿಟ್ ಬಂತಾ?"

ನಾನು ತಲೆಯಾಡಿಸಿದೆ.

"ಅವತ್ತೇ ಹೇಳಿದ್ದರೆ ನಾನು ನಿನ್ನ ಪರ್ಮಿಟ್ಟಿಗಾಗಿ ಜಗಳ ಆಡ್ತಿದ್ದೆ. ಆಡಿ ಗೆಲ್ತಿದ್ದೆ. ನಿನಗೆ ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ಲ." ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಅವನನ್ನು ವಾಪಸು ಕರೆಯೋ ಕಾಗದಕ್ಕೆ ನಾನು ಸಹಿ ಹಾಕಿಸ್ತೀನಿ. ಆದರೆ ಅಂಚೆಗೆ ಹಾಕಲ್ಲ. ನೀನೇ ಹೋಗಿ ಕೊಡು."

ಅಂದೇ ಕರೆದ ಸಭೆಯಲ್ಲಿ ನನಗೆ ಸಿಕ್ಕಿದ್ದು ಲಿಖಿತ ಎಚ್ಚರಿಕೆ, ಒಂದು ವರ್ಷ ನೆಲಮಾಳಿಗೆಯ ಹಳೆಯ ಕಡತಗಳ ಕೆಲಸ. ಕಡಿಮೆಯೇ. ಅದೇ ಸಭೆಯ ಕೊನೆಯಲ್ಲಿ ಆಡಳಿತಾಧಿಕಾರಿ ಇನ್ನೊಂದು ಮಾತು ಹೇಳಿದರು: "ರೋಗಿ ಚೇತರಿಸಿಕೊಳ್ತಿದ್ದಾನೆ. ಅವನಿಗೆ ಇದನ್ನೆಲ್ಲ ವಿವರಿಸೋದು ಬೇಡ. ಜ್ವರದಲ್ಲಿ ಹೃದಯ ಸ್ವಲ್ಪ ಸೋತಿತು ಅಂತ ಹೇಳಿದ್ದೀವಿ." ಮಿಸೆಸ್ ವಂಜಿರು ವಿರೋಧಿಸಿದರು. ನಾನು ವಿರೋಧಿಸಲಿಲ್ಲ. ಆ ಮಾತು ಕೇಳಿ ನನಗೆ ಹಗುರವಾಯಿತು. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೂ ಬರೆಯುತ್ತೇನೆ: ಹಗುರವಾಯಿತು.

ಕಿಲೊಂಜೊ ಮನೆ ಎಂಬಕಾಸಿಯಲ್ಲಿ. ಎರಡು ಮಟಾಟು ಬದಲಿಸಿ ಹೋದೆ. ಅವರ ಹೆಂಡತಿ ಬಾಗಿಲು ತೆರೆದು, ನಾನು ಯಾರೆಂದು ತಿಳಿದ ಮೇಲೆ ಕರಿಬು, ಅಂದರೆ ಬನ್ನಿ, ಎಂದೂ ಎನ್ನದೆ ಒಳಗೆ ಹೋದರು. ಕಿಲೊಂಜೊ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ನಾನು ಕಾಗದ ಕೊಟ್ಟೆ. ಕ್ಷಮೆ ಕೇಳಿದೆ. ಅವರು ಕಾಗದವನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡರು.

"ಹತ್ತೊಂಬತ್ತು ದಿನ" ಎಂದರು.

"ನಿಮಗೆ ಮೊದಲ ದಿನವೇ ಗೊತ್ತಿತ್ತು. ನನ್ನ ಹೆಸರು ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ದರೆ ಏನಾಗ್ತಿತ್ತು? ಗುಮಾಸ್ತ ತಪ್ಪಿಸಿಕೊಳ್ಳೋಕೆ ಮೇಡಂ ಹೆಸರು ಹೇಳ್ತಾನೆ ಅಂತಿದ್ರು. ನೀವು ಹೇಳಿದ್ರೆ ಮಾತ್ರ ಅದು ಸಾಕ್ಷಿ." ಮೊದಲ ಸಲ ದನಿ ಗಡುಸು ಮಾಡಿ ಹೇಳಿದರು: "ಉಪಯೋಗಕ್ಕೆ ಬರುವವನು ಅಂತ ಹೆಸರಿಟ್ಟರೆ ಎಲ್ಲರೂ ಉಪಯೋಗಿಸಿಕೊಳ್ಳೋಕೇ ನೋಡ್ತಾರೆ ಮಾಮಾ. ನೀವೂ ನೋಡಿದ್ರಿ."

ಒಳಗಿನಿಂದ ಅವರ ಹೆಂಡತಿ ಚಹಾ ತಂದು, ನನ್ನ ಲೋಟವನ್ನು ಟಕ್ಕೆಂದು ಇಟ್ಟರು. ಕುಡಿದೆ.

ಕಿಲೊಂಜೊ ವಾಪಸು ಬಂದರು, ಆದರೆ ಒಂದು ಷರತ್ತಿನ ಮೇಲೆ. ಇನ್ನು ಮುಂದೆ ಯಾವ ರೋಗಿಯನ್ನೂ 'ನೀವು ಒನೆಸ್ಮಸ್ ತಾನೆ?' ಎಂದು ಕೇಳಬಾರದು. ಜ್ವರದಲ್ಲಿರುವವನು, ಹೆದರಿದವನು, ಕಿವಿ ಕೇಳದವನು ಎಲ್ಲದಕ್ಕೂ ಹೌದು ಎನ್ನುತ್ತಾನೆ. 'ನಿಮ್ಮ ಹೆಸರೇನು?' ಎಂದು ಕೇಳಿ, ಅವನ ಬಾಯಿಂದಲೇ ಬರಲಿ. ಆಮೇಲೆ ನಂಬರು. ಆಮೇಲೆ ತಾಯಿಯ ಹೆಸರು. ಮಿಸೆಸ್ ವಂಜಿರು ಅದನ್ನು ಇಡೀ ಆಸ್ಪತ್ರೆಗೆ ನಿಯಮ ಮಾಡಿದರು. ಡಾಕ್ಟರುಗಳು ಗೊಣಗಿದರು, ಸಾಲು ಉದ್ದವಾಯಿತು, ವಂಜಿರು ಜಗ್ಗಲಿಲ್ಲ. ನೀವು ಈಗ ಯಂತ್ರದ ಮುಂದೆ ಕೂತು ಕೇಳುವ ಮೂರು ಪ್ರಶ್ನೆಗಳು ಹೀಗೆ ಬಂದದ್ದು.

ಕಿಲೊಂಜೊ ಮತ್ತೆ ನನ್ನ ಜೊತೆ ಚಹಾ ಕುಡಿಯಲು ಎರಡು ವರ್ಷ ಹಿಡಿಯಿತು. ಅದನ್ನು ನಾನು ಎಣಿಸುತ್ತಿದ್ದೆ.

ಆಮೇಲೆ ಕಂಪ್ಯೂಟರು ಬಂತು. ರಿವರ್‌ಸೈಡಿನ ಕಚೇರಿಯೊಂದರಿಂದ ಬಂದ ತಜ್ಞ ಬೆಂಗಳೂರಿನವನು, ಕಾರ್ತಿಕ್ ಎಂದು. ನಾನು ಕನ್ನಡದವಳು ಎಂದು ತಿಳಿದು ಖುಷಿಯಾದ. "ಮೇಡಂ, ನಿಮ್ಮ ಡೇಟಾದಲ್ಲಿ ತುಂಬಾ ಡೂಪ್ಲಿಕೇಟ್ಸ್ ಇದಾವೆ. ಸೇಮ್ ನೇಮ್, ಸೇಮ್ ಏಜ್ ಇರೋರನ್ನೆಲ್ಲ ಮರ್ಜ್ ಮಾಡ್ಬಿಡೋಣ, ಒಂದ್ ಗಂಟೇಲಿ ಕ್ಲೀನ್ ಆಗ್ಬಿಡುತ್ತೆ" ಎಂದ. ಪರದೆಯ ಮೇಲೆ ಪಟ್ಟಿ ತೋರಿಸಿದ. ಕಾವಲುಗಾರ ಮುಟುವಾನೂ ಮೇಷ್ಟ್ರು ಮುಟುವಾನೂ ಒಬ್ಬರಾಗಲು ಒಂದು ಬೆರಳಿನ ಒತ್ತು ಬಾಕಿಯಿತ್ತು. ನಾನು ಅವನ ಕೈಯನ್ನೇ ಹಿಡಿದುಕೊಂಡುಬಿಟ್ಟೆ. ಪಾಪ, ಬೆಚ್ಚಿಬಿದ್ದ. ಕಿಲೊಂಜೊ ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತು, ತಿಂಗಳುಗಟ್ಟಲೆ ಒಂದೊಂದೇ ಹೆಸರನ್ನು ತಾಯಿಯ ಹೆಸರಿನೊಡನೆ ಹೊಂದಿಸಿ ಬೇರೆ ಮಾಡಿದರು. ಕೊನೆಯ ವಾರ ಕಾರ್ತಿಕ್ ಅವರನ್ನು ಸಾರ್ ಎಂದು ಕರೆಯುತ್ತಿದ್ದ. ಅದೇ ವರ್ಷ ಕಿಲೊಂಜೊ ನಿವೃತ್ತರಾದರು.

ಇನ್ನು ಕೊನೆಯದು. ನಾನು ಬಿಡುವ ತಿಂಗಳಿನಲ್ಲಿ ಹಳೆಯ ಕಾಗದದ ಕಡತಗಳನ್ನು ಸ್ಕ್ಯಾನಿಗೆ ಕಳಿಸುತ್ತಿದ್ದರು. ಕಳಿಸುವ ಮುನ್ನ ಒಮ್ಮೆ ಪುಟ ತಿರುಗಿಸಿ ನೋಡುವುದು ನನ್ನ ಪಾಲಿಗಿತ್ತು. ಹಾಗೆ ಕಸರಾನಿಯ ಒನೆಸ್ಮಸ್ ಮುಟುವಾರ ಕಡತ ಕೈಗೆ ಬಂತು. ಘಟನೆ ನಡೆದ ಮೊದಲ ಸಂಪುಟ ಎಂದೋ ನೆಲಮಾಳಿಗೆ ಸೇರಿತ್ತು. ಒಯ್ದಿಟ್ಟವಳು ನಾನೇ. ಆಮೇಲಿನ ಡಾಕ್ಟರುಗಳು ನೋಡಿದ್ದು ಎರಡನೆಯ ಸಂಪುಟವನ್ನು ಮಾತ್ರ. ಅದರಲ್ಲಿ ವರ್ಷ ವರ್ಷವೂ, ಬೇರೆ ಬೇರೆ ಕೈಬರಹದಲ್ಲಿ, ಒಂದೇ ಮಾತು: ಹೃದಯದ ಬಗ್ಗೆ ಭಯ. ಶ್ರಮದ ಕೆಲಸ ಮಾಡುವುದಿಲ್ಲ. ಇಸಿಜಿ ಸರಿಯಾಗಿದೆ. ಸಮಾಧಾನ ಹೇಳಿ ಕಳಿಸಲಾಗಿದೆ. ಉದ್ಯೋಗದ ಜಾಗದಲ್ಲಿ ಮೊದಲು ವ್ಯಾಯಾಮದ ಶಿಕ್ಷಕ ಎಂದಿದ್ದದ್ದನ್ನು ಹೊಡೆದು ಶಾಲೆಯ ಉಗ್ರಾಣದ ಮೇಲ್ವಿಚಾರಕ ಎಂದು ಬರೆದಿದ್ದರು.

ಅವರು ಬದುಕಿ ಮನೆಗೆ ಹೋದದ್ದರಿಂದ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಕಿಲೊಂಜೊಗೆ ಫೋನು ಮಾಡಿದೆ. ಎಲ್ಲ ಕೇಳಿದರು. "ನಾನೂ ವಿಚಾರಿಸಲಿಲ್ಲ ಮಾಮಾ. ನನ್ನ ಕೆಲಸ ವಾಪಸು ಸಿಕ್ಕಿತು, ಅವನನ್ನ ಮರೆತೆ" ಎಂದರು. ದನಿ ಬಹಳ ಸಣ್ಣದಾಗಿತ್ತು. "ಹೋಗಿ. ನನ್ನ ಪೋಲೆ ಕೂಡ ತಿಳಿಸಿ." ಪೋಲೆ ಎಂದರೆ ಇಲ್ಲಿ ಕ್ಷಮೆಯೂ ಹೌದು, ಮರುಕವೂ ಹೌದು.

ಆಗಿನ ಆಡಳಿತಾಧಿಕಾರಿ ತೀರಿಕೊಂಡಿದ್ದರು. ಈಗಿನವರಿಗೆ ಕಾಗದ ಬರೆದೆ. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು, ಆಮೇಲೆ ಏನೂ ಬರಲಿಲ್ಲ. ಒಂದು ವರ್ಷ ಕಾದು, ಕೊನೆಗೆ ನಾನೇ ಹೋದೆ. ಕಡತದಿಂದ ವಿಳಾಸ ನೆನಪಿಟ್ಟುಕೊಂಡು ರೋಗಿಯ ಮನೆಗೆ ಹೋಗುವುದು ನಮ್ಮ ವೃತ್ತಿಯ ನಿಯಮಕ್ಕೆ ವಿರುದ್ಧ. ನೀವು ಹಾಗೆ ಮಾಡಬೇಡಿ. ಹೇಳಬೇಕಾದ್ದನ್ನು ಅದೇ ದಿನ, ಅದೇ ಮಂಚದ ಪಕ್ಕದಲ್ಲಿ ನಿಂತು ಹೇಳಿಬಿಡಿ. ಆಗ ಇಂಥ ದಾರಿ ಹಿಡಿಯಬೇಕಾಗುವುದಿಲ್ಲ.

ಕಸರಾನಿಯಲ್ಲಿ ಮುಖ್ಯ ರಸ್ತೆಯಿಂದ ಒಳಗೆ ಒಂದು ಗಲ್ಲಿ. ಸಣ್ಣ ಮನೆ, ಮುಂದೆ ಸುಕುಮಾ ಸೊಪ್ಪಿನ ಮಡಿ. ಶನಿವಾರ ಬೆಳಗ್ಗೆ. ಮುಟುವಾ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಐವತ್ತೇಳರ ಮನುಷ್ಯ ಎಪ್ಪತ್ತರವರಂತೆ ಕುರ್ಚಿಯ ತೋಳನ್ನು ಹಿಡಿದು ಎದ್ದರು. ಅವರ ಹೆಂಡತಿ ಎಸ್ತರ್ ಸ್ಟೂಲು ತಂದು ಹಾಕಿದರು. ನಾನು ಯಾರು, ಎಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಹೇಳಿದೆ. ಆಮೇಲೆ ಆ ಬೆಳಗಿನಿಂದ ಶುರುಮಾಡಿ, ಫೋನು, ಇಬ್ಬರು ಮುಟುವಾಗಳು, ನಾನು ಎಳೆದ ತಪ್ಪು ಕಡತ, ಚುಚ್ಚಿದ ಪೆನಿಸಿಲಿನ್, ಅವರಿಗೆ ಏನೂ ಹೇಳಕೂಡದು ಎಂದದ್ದು, ನಾನು ಒಪ್ಪಿಕೊಂಡದ್ದು, ಎಲ್ಲವನ್ನೂ ನಿಲ್ಲಿಸದೆ ಹೇಳಿದೆ. ಕಿಲೊಂಜೊರ ಪೋಲೆಯನ್ನೂ ತಿಳಿಸಿದೆ.

ಮುಟುವಾ ಕೇಳಿದರು: "ನನ್ನ ಹೃದಯ?"

"ನಿಮ್ಮ ಹೃದಯಕ್ಕೆ ಏನೂ ಆಗಿರಲಿಲ್ಲ. ಮದ್ದು ಅದನ್ನು ನಿಲ್ಲಿಸಿತು. ಇಪ್ಪತ್ತೆರಡು ವರ್ಷದ ಇಸಿಜಿಯೂ ಸರಿಯಾಗಿದೆ. ಪೆನಿಸಿಲಿನ್ ಮಾತ್ರ ಎಂದೂ ತಗೋಬೇಡಿ."

"ಇನ್ನೊಮ್ಮೆ ಹೇಳಿ. ಎಸ್ತರ್‌ಗೆ ಕೇಳೋ ಹಾಗೆ."

ಇನ್ನೊಮ್ಮೆ ಹೇಳಿದೆ. ಎಸ್ತರ್ ಸೆರಗಿನಂತೆ ಹೊದ್ದಿದ್ದ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡರು.

"ನನ್ನ ಮಗಳು ಓಡ್ತಿದ್ದಳು," ಎಂದರು ಮುಟುವಾ. "ಚೆನ್ನಾಗಿ ಓಡ್ತಿದ್ದಳು. ಬಾ ಬಾಬಾ, ಜೊತೆಗೆ ಬಾ, ನನಗೆ ಕಲಿಸು ಅಂತಿದ್ದಳು. ನಾನು ಬೆಂಚಿನ ಮೇಲೆ ಕೂತಿರ್ತಿದ್ದೆ. ಬಿದ್ದು ಸತ್ತರೆ ಅವಳ ಕಣ್ಣ ಮುಂದೆ ಆಗ್ಬಾರದು ಅಂತ ಕೂತಿರ್ತಿದ್ದೆ. ಈಗ ಅವಳಿಗೆ ಎರಡು ಮಕ್ಕಳು. ಓಟ ಬಿಟ್ಟು ಎಷ್ಟೋ ವರ್ಷ ಆಯ್ತು." ಬಾಗಿಲ ಕಡೆ ಕೈ ತೋರಿಸಿದರು. "ನೀವು ಹೋಗಿ."

ಹೊರಟೆ. ಗಲ್ಲಿ ದಾಟಿ ಮಟಾಟು ನಿಲ್ಲುವ ಜಾಗಕ್ಕೆ ಬಂದೆ. ಒಂದು ಮಟಾಟು ಬಂದು ಕೂಗಿ ಹೋಯಿತು, ಹತ್ತಲಾಗಲಿಲ್ಲ. ಅಷ್ಟರಲ್ಲಿ ಗಲ್ಲಿಯ ತುದಿಯಲ್ಲಿ ಮುಟುವಾ ಕಂಡರು. ನನ್ನನ್ನು ಅಟ್ಟಿಸಿಕೊಂಡು ಬೈಯಲು ಬರುತ್ತಿದ್ದಾ‌ರೆ ಎಂದುಕೊಂಡು ಸಿದ್ಧಳಾಗಿ ನಿಂತೆ. ಅವರು ನನ್ನತ್ತ ನೋಡದೆ ದಾಟಿ ಹೋದರು. ಮೊದಲು ನಡಿಗೆ, ಆಮೇಲೆ ಬಿರುಸಿನ ನಡಿಗೆ, ಸಾಲು ಅಂಗಡಿಗಳು ಮುಗಿಯುವಲ್ಲಿ ಮೊಣಕೈ ಮಡಚಿಕೊಂಡು ಓಟ. ಹಿಂದೆ ಎಸ್ತರ್ ಅವರ ಹೆಸರು ಹಿಡಿದು ಕೂಗುತ್ತಾ ಬಂದು ನನ್ನ ಪಕ್ಕ ನಿಂತರು.

ಅವರು ಅಲ್ಲೇ ಹತ್ತಿರದ ಕ್ರೀಡಾಂಗಣದ ಗೋಡೆಯ ತಿರುವಿನಲ್ಲಿ ಮರೆಯಾಗಿ ಬಹಳ ಹೊತ್ತಿನ ಮೇಲೆ ವಾಪಸು ಬಂದರು. ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ಮುಂದೆ ನಿಂತು, ಮಂಡಿಯ ಮೇಲೆ ಕೈಯೂರಿ ಬಗ್ಗಿ, ಉಸಿರು ಹಿಡಿದು ಹಿಡಿದು ಹೇಳಿದರು:

"ನನಗೆ ನಿಮ್ಮ ಮೇಲೆ ಸಿಟ್ಟಿದೆ."

"ಇರಲಿ" ಎಂದೆ.

"ತುಂಬಾ ಇದೆ" ಎಂದು, ಬೆನ್ನು ನೆಟ್ಟಗೆ ಮಾಡಿಕೊಂಡು, ಇನ್ನೊಂದು ಸುತ್ತು ಹೊರಟರು.